ಕರೆಯದೆ ಬರಬೇಕಾದವರು

ಬೆಳಗಿನಿಂದ ಮಧ್ಯಾಹ್ನದವರೆಗೆ ಥೆಕ್ಲಾಳ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಆದರೂ ಅವಳ ಜೊತೆ ಎರಡು ಮಾತಾಡುವವರು ಒಬ್ಬರೂ ಇರಲಿಲ್ಲ. ಕೆಲಸವೇ ಅಂಥದ್ದು. ಥೆಸ್ಸಲೋನಿಕಿಯ ಬಂದರಿನ ಎದುರಿಗೆ, ಊರು ನೋಡಲು ಬಂದವರಿಗೆ ವಿಚಾರ ತಿಳಿಸುವುದಕ್ಕೆಂದು ಒಂದು ಗಾಜಿನ ಗೂಡು, ಅದರೊಳಗೊಂದು ಕುರ್ಚಿ, ಕುರ್ಚಿಯಲ್ಲಿ ಇವಳು. ಶೌಚಾಲಯ ಎಲ್ಲಿದೆ? ನಲ್ಲಿ ನೀರು ಕುಡಿಯಬಹುದೇ? ಬಸ್ಸಿನ ಟಿಕೆಟ್ಟನ್ನು ಹತ್ತುವ ಮೊದಲು ಕೊಳ್ಳಬೇಕೋ ಹತ್ತಿದ ಮೇಲೋ? ಮಧ್ಯಾಹ್ನ ಅಂಗಡಿಗಳೆಲ್ಲ ಮುಚ್ಚಿವೆಯಲ್ಲ, ಹರತಾಳವೇ? ಹರತಾಳವಲ್ಲ ಮಹಾರಾಯರೇ, ನಿದ್ದೆ. ಕೆಲವರಂತೂ ಸಮುದ್ರಕ್ಕೆ ಮುಖ ಮಾಡಿ ನಿಂತು, ಸಮುದ್ರಕ್ಕೆ ಯಾವ ದಾರಿ ಎಂದು ಕೇಳುತ್ತಿದ್ದರು. ಅಂಥವರಿಗೂ ಅವಳು ಮುಖ ಗಂಟಿಕ್ಕದೆ ಕೈ ತೋರಿಸುತ್ತಿದ್ದಳು. ಅವರು ಥ್ಯಾಂಕ್ಸ್ ಹೇಳಿ ಹೊರಟುಹೋಗುತ್ತಿದ್ದರು. ಅವಳ ಎದೆಯ ಮೇಲೆ ಹೆಸರಿನ ಬಿಲ್ಲೆ ಇತ್ತು. ಅದನ್ನು ಓದಿದವರನ್ನು ಅವಳು ಇನ್ನೂ ಕಂಡಿರಲಿಲ್ಲ.

ಬಂದವರಿಗೆಲ್ಲ ಕೊಡುವುದಕ್ಕೆ ಒಂದು ಮಡಚಿದ ಹಾಳೆ ಇತ್ತು. ‘ಊರಿಗೆ ಬಂದವರು ತಿಳಿದಿರಬೇಕಾದ ಸಂಗತಿಗಳು’ ಎಂದು ಅದರ ತಲೆಬರಹ. ಬರೆದವಳು ಥೆಕ್ಲಾಳೇ. ಬಸ್ಸು, ಬ್ಯಾಂಕು, ಔಷಧದ ಅಂಗಡಿ, ಇಗರ್ಜಿಯೊಳಗೆ ತೊಡಬಾರದ ಬಟ್ಟೆ ಎಲ್ಲ ಆದ ಮೇಲೆ, ಕೊನೆಗೆ ಸ್ವಲ್ಪ ಜಾಗ ಉಳಿದಿತ್ತೆಂದು, ಯಾರೂ ಕೇಳದಿದ್ದ ಒಂದು ಸಂಗತಿಯನ್ನೂ ಅವಳು ಸೇರಿಸಿದ್ದಳು. ಈ ಊರಲ್ಲಿ ಹುಟ್ಟಿದ ದಿನಕ್ಕಿಂತ ಹೆಸರಿನ ದಿನ ದೊಡ್ಡದು. ಯಾವ ಸಂತರ ಹೆಸರಿಟ್ಟಿದ್ದಾರೋ ಆ ಸಂತರ ಹಬ್ಬದ ಸಂಜೆ ಮನೆಯಲ್ಲೇ ಇರಬೇಕು. ಯಾರನ್ನೂ ಕರೆಯುವಂತಿಲ್ಲ. ಬೇಕಾದವರು ತಾವಾಗಿ ಬರುತ್ತಾರೆ. ನಿಮಗೂ ಗುರುತಿನವರಿದ್ದರೆ ಹೋಗಿ, ಬರಿಗೈಯಲ್ಲಿ ಹೋಗಬೇಡಿ, ಕೊಟ್ಟ ಸಿಹಿಯನ್ನು ಬೇಡವೆನ್ನಬೇಡಿ.

ಅವತ್ತು ಸೆಪ್ಟೆಂಬರ್ ಇಪ್ಪತ್ತನಾಲ್ಕು, ಸಂತ ಥೆಕ್ಲಾಳ ದಿನ. ಹಾಲೆಂಡಿನ ಒಬ್ಬ ವಯಸ್ಸಾದ ಹೆಂಗಸು ಹಾಳೆಯನ್ನು ತೆಗೆದುಕೊಂಡು ಹೋಗುವ ಬದಲು ಅಲ್ಲೇ ಗಾಜಿಗೆ ಒರಗಿ ನಿಂತು ಓದತೊಡಗಿದಳು. ಓದಿ ಮುಗಿಸಿ ತಲೆಯೆತ್ತಿದಳು.

“ನಿಜವಾಗ್ಲೂ ಕರೆಯೋದೇ ಇಲ್ವಾ?”

“ಇಲ್ಲ. ಕರೆದ್ರೆ ಮರ್ಯಾದೆ ಹೋಯ್ತು. ಭಿಕ್ಷೆ ಬೇಡಿದ ಹಾಗೆ.”

“ಹಾಗಾದ್ರೆ ಯಾರೂ ಬರ್ಲಿಲ್ಲ ಅಂದ್ರೆ?”

“ಬರ್ತಾರೆ.”

“ಅಲ್ಲಮ್ಮಾ, ಬರ್ಲಿಲ್ಲ ಅಂತಾನೇ ಇಟ್ಕೋ. ಸಿಹಿ ಮಾಡಿಟ್ಕೊಂಡು ಕೂತಿರೋರು ಆಗ ಏನ್ಮಾಡ್ತಾರೆ?”

ಹಿಂದೆ ನಿಂತವರು ಕೆಮ್ಮಿದರು. ಇವತ್ತು ನನ್ನದೇ ಹೆಸರಿನ ದಿನ ಎಂದು ಥೆಕ್ಲಾ ಹೇಳಿಬಿಡಬಹುದಿತ್ತು, ಗಂಟಲಿನವರೆಗೂ ಬಂದಿತ್ತು. ಹೇಳಿದರೆ ಕರೆದಂತೆಯೇ ಆಗುತ್ತದಲ್ಲ ಎಂದು ಅದನ್ನು ನುಂಗಿಕೊಂಡು, “ಮುಂದಿನವರು ಬನ್ನಿ,” ಎಂದಳು.

ಎಂಥ ಪದ್ಧತಿಯಪ್ಪಾ ಇದು! ಕಟ್ಟಿದವನು ಖಂಡಿತ ಮನೆ ತುಂಬ ಬಂಧುಬಳಗ ಇದ್ದವನೇ ಇರಬೇಕು. ಥೆಕ್ಲಾಳ ತಾಯಿ ದೊಮ್ನಾ ಬದುಕಿದ್ದಾಗ ಇದರಲ್ಲಿ ಏನೂ ಕಷ್ಟ ಕಾಣಿಸುತ್ತಿರಲಿಲ್ಲ. ಮೇಲಿನ ಪೇಟೆಯ ಹಳೆಯ ಕೋಟೆಗೋಡೆಯ ಕೆಳಗೆ ಒಂದು ಕಟ್ಟಡದಲ್ಲಿ ನಡುವಿನ ಮಹಡಿ ಅವರದು. ಮಗಳ ಹೆಸರಿನ ದಿನ ಬಂತೆಂದರೆ ಒಳಗೆ ಕೂರಲು ಜಾಗವಿಲ್ಲದೆ ಗಂಡಸರು ಮೆಟ್ಟಿಲ ಮೇಲೆ ನಿಂತು ಕಾಫಿ ಕುಡಿಯುತ್ತಿದ್ದರು. ದೊಮ್ನಾಳ ಬಾಯಿ ದೊಡ್ಡದು, ಕೈ ಅದಕ್ಕಿಂತ ದೊಡ್ಡದು. “ತಿನ್ನೋ, ತಿನ್ನೋ, ನಿನ್ನ ಹೆಂಡ್ತಿ ಮಾಡೋ ಕಲ್ಲನ್ನ ತಿಂದೂ ತಿಂದೂ ಹಲ್ಲು ಸವೆದಿದೆ,” ಎಂದು ಬೈಯುತ್ತಲೇ ಬಾಯಿಗೆ ತುರುಕುತ್ತಿದ್ದಳು. ಜನ ಬರುತ್ತಿದ್ದುದು ತಾಯಿಗಾಗಿಯೋ ತನಗಾಗಿಯೋ ಎಂದು ಥೆಕ್ಲಾ ಆಗ ಯೋಚಿಸಿರಲಿಲ್ಲ. ಈಗ ಐವತ್ತು ದಾಟಿದ ಮೇಲೆ, ಮದುವೆ ಮಕ್ಕಳು ಒಂದೂ ಇಲ್ಲದ ಮನೆಯಲ್ಲಿ ಒಬ್ಬಳೇ ಕೂತು, ಅದನ್ನೇ ಯೋಚಿಸುತ್ತಿದ್ದಳು.

ದೊಮ್ನಾ ಸತ್ತದ್ದು ಹೋದ ವರ್ಷದ ವಸಂತದಲ್ಲಿ. ಆ ಸೆಪ್ಟೆಂಬರಿನಲ್ಲಿ ಥೆಕ್ಲಾ ಎಲ್ಲರಂತೆ ಪತ್ರಿಕೆಯಲ್ಲಿ ಸಣ್ಣದೊಂದು ಪ್ರಕಟಣೆ ಹಾಕಿಸಿದ್ದಳು: ಸೂತಕದ ಕಾರಣ ಈ ವರ್ಷ ಹೆಸರಿನ ದಿನ ಆಚರಿಸುವುದಿಲ್ಲ, ಯಾರೂ ಬರುವುದು ಬೇಡ. ಯಾರೂ ಬರಲಿಲ್ಲ. ಸರಿಯೇ. ಈ ವರ್ಷ ಪ್ರಕಟಣೆ ಹಾಕಿಸಲಿಲ್ಲ. ಪ್ರಕಟಣೆ ಇಲ್ಲವೆಂದ ಮೇಲೆ ಬಾಗಿಲು ತೆರೆದಿದೆ ಎಂದೇ ಅರ್ಥ; ಇದು ಊರಿಗೆಲ್ಲ ಗೊತ್ತಿರುವ ವಿಷಯ.

ಆದರೆ ಅವಳು ಕಪ್ಪು ಬಟ್ಟೆಯನ್ನು ಮಾತ್ರ ಬಿಟ್ಟಿರಲಿಲ್ಲ. ವರ್ಷ ತುಂಬಿದ ದಿನವೇ ತೆಗೆದಿಡಬಹುದಿತ್ತು. ಈಸ್ಟರ್ ಆಗಲಿ ಎಂದುಕೊಂಡಳು, ಈಸ್ಟರ್ ಆಯಿತು. ಬೇಸಿಗೆ ಕಳೆಯಲಿ ಎಂದುಕೊಂಡಳು, ಅದೂ ಕಳೆಯಿತು. ತೆಗೆದು ಬಣ್ಣದ್ದು ಉಟ್ಟರೆ ನೋಡುವವರಾದರೂ ಯಾರು? ಕೊನೆಗೆ ಹೆಸರಿನ ದಿನವೇ ತೆಗೆಯುವುದೆಂದು ನಿಶ್ಚಯ ಮಾಡಿದಳು. ಅದೂ ಬೆಳಿಗ್ಗೆ ಬೇಡ, ಕೆಲಸದ ಕಡೆಯವರು “ಏನ್ರೀ ಇವತ್ತು ಜೋರು!” ಎಂದು ಶುರುಹಚ್ಚಿಕೊಳ್ಳುತ್ತಾರೆ. ಸಂಜೆ, ಮನೆಯಲ್ಲಿ, ಜನ ಬರುವ ಹೊತ್ತಿಗೆ.

ಹಾಗಾಗಿ ಅವತ್ತು ಬೆಳಿಗ್ಗೆ ಅವಳು ಮೆಟ್ಟಿಲಿಳಿದದ್ದು ಕಪ್ಪಿನಲ್ಲೇ. ಮೇಲಿನ ಮಹಡಿಯ ಸ್ತ್ರಾತಿಸ್ ಬ್ರೆಡ್ಡು ಹಿಡಿದುಕೊಂಡು ಎದುರು ಬಂದ. ಇಷ್ಟಗಲ ಬಾಯಿ ಮಾಡಿ ನಗುವ ಮನುಷ್ಯ. ಬಾಯಿ ತೆರೆದವನು ಅವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ ಮುಚ್ಚಿಬಿಟ್ಟ.

“ಕೆಲಸಕ್ಕಾ?” ಎಂದ.

“ಕೆಲಸಕ್ಕೆ.”

“ಹೂಂ. ಹೋಗ್ಬಾ ತಾಯಿ,” ಎಂದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಹೆಸರಿನ ದಿನಕ್ಕೆ ಹೇಳುವ ‘ನೂರ್ಕಾಲ ಬಾಳು’ ಎನ್ನಲಿಲ್ಲ. ಸಂಜೆ ಹೆಂಡತಿಯ ಜೊತೆ ಬಂದು ಹೇಳುತ್ತಾನೆ ಎಂದು ಥೆಕ್ಲಾ ಸಮಾಧಾನ ಮಾಡಿಕೊಂಡಳು.

ಮಧ್ಯಾಹ್ನ ಬಂದವಳೇ ಮಲಗಲಿಲ್ಲ. ನೆಲ ಒರೆಸಿದಳು. ಹಿಂದಿನ ದಿನವೇ ಮಾಡಿಟ್ಟಿದ್ದ ಬೆಣ್ಣೆ-ಬಾದಾಮಿಯ ಉಂಡೆಗಳಿಗೆ ಸಕ್ಕರೆ ಪುಡಿಯನ್ನು ಜರಡಿ ಹಿಡಿದು ಉದುರಿಸಿದಳು. ಕುರಾಬಿಯೆ ಎನ್ನುತ್ತಾರೆ ಅದಕ್ಕೆ, ತಾಯಿಯ ಕೈಯಿಂದ ಕಲಿತದ್ದು ಅದೊಂದೇ. ಚೆರ್ರಿಯ ಮದ್ಯದ ಶೀಷೆ, ಸಣ್ಣ ಗಾಜಿನ ಲೋಟಗಳು, ಕಾಫಿಯ ಬಟ್ಟಲುಗಳು. ಬೀರುವಿನಿಂದ ನೀಲಿ ಬಟ್ಟೆ ತೆಗೆದು ಉಟ್ಟಳು. ಸೊಂಟದಲ್ಲಿ ಸ್ವಲ್ಪ ಬಿಗಿ. ಕನ್ನಡಿಯಲ್ಲಿ ನೋಡಿಕೊಂಡಾಗ ಯಾರೋ ಬೇರೆಯವರು ಒಳಗೆ ಬಂದ ಹಾಗೆ ಕಂಡು ನಾಚಿಕೆಯಾಯಿತು. ಆದರೂ ಚೆನ್ನಾಗಿಯೇ ಕಂಡಳು. ಕುರ್ಚಿಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಟ್ಟು, ಒಂದರ ಮೇಲೆ ಕೂತಳು.

ಊರು ನಿದ್ದೆಯಿಂದೆದ್ದ ಸದ್ದು ಕೆಳಗಿನಿಂದ ಬಂತು. ಅಂಗಡಿಗಳ ಬಾಗಿಲುಗಳು ಮೇಲಕ್ಕೆ ಹೋದವು. ಜನ ಬರುವ ಹೊತ್ತಾಯಿತು.

ಯಾರೂ ಬರಲಿಲ್ಲ.

ಬರದಿದ್ದರೆ ಬರದಿರಲಿ, ಫೋನಾದರೂ ಮಾಡಬಾರದೇ? ಫೋನಿನ ರಿಸೀವರ್ ಸರಿಯಾಗಿ ಕೂತಿದೆಯೇ ಎಂದು ಎತ್ತಿ ನೋಡಿದಳು. ಸರಿಯಾಗಿಯೇ ಇತ್ತು. ಎತ್ತಿದ ಆ ಗಳಿಗೆಯಲ್ಲೇ ಯಾರಾದರೂ ಮಾಡಿರಬಹುದೇ ಎಂಬ ಅನುಮಾನ ಬೇರೆ.

ಇನ್ನೊಂದು ವಿಚಿತ್ರವನ್ನು ಅವಳು ಗಮನಿಸಿದಳು. ಕಟ್ಟಡದಲ್ಲಿ ಒಂದು ಸದ್ದೂ ಇಲ್ಲ. ಮೇಲೆ ಸ್ತ್ರಾತಿಸ್ ಫುಟ್‌ಬಾಲ್ ನೋಡಿ ಕೂಗಾಡುವ ಸಂಜೆ ಇದು, ಟೀವಿಯೇ ಹಾಕಿಲ್ಲ. ಕೆಳಗೆ ಮುದುಕ ಅನೆಸ್ತಿಸ್ ಬೆಳಗಿನಿಂದ ರಾತ್ರಿಯವರೆಗೆ ರೇಡಿಯೋ ಒದರಿಸುವವನು, ಅದೂ ಇಲ್ಲ. ಎಲ್ಲರೂ ಎಲ್ಲಿಗೋ ಹೋಗಿದ್ದಾರೆ, ಅಲ್ಲಿ ಯಾರದೋ ಮನೆಯಲ್ಲಿ ನಗುತ್ತಾ ತಿನ್ನುತ್ತಾ ಇದ್ದಾರೆ ಎಂದುಕೊಂಡಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ. ಥೆಕ್ಲಾ ಎದ್ದುನಿಂತು ಬಟ್ಟೆ ಸರಿಮಾಡಿಕೊಂಡಳು. ಹೆಜ್ಜೆ ಬಾಗಿಲವರೆಗೆ ಬಂತು, ನಿಂತಿತು. ಹೆಜ್ಜೆ ಮತ್ತೆ ಎದ್ದು, ಬೆಕ್ಕಿನ ಹಾಗೆ ಮೆತ್ತಗೆ, ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಜೊತೆ, ಅದೂ ಹಾಗೆಯೇ. ಕಳ್ಳಹೆಜ್ಜೆ! ಅಂದರೆ ಮನೆಯಲ್ಲೇ ಇದ್ದಾರೆ. ಎಲ್ಲಿ ಕಣ್ಣಿಗೆ ಬಿದ್ದು ಒಳಗೆ ಹೋಗಬೇಕಾಗುತ್ತದೋ ಎಂದು ಕದ್ದು ಓಡಾಡುತ್ತಿದ್ದಾರೆ. ದೊಮ್ನಾ ಇದ್ದಾಗ ಇದೇ ಮನೆಯಲ್ಲಿ ತಿಂದು ತೇಗಿದವರು ಇವರು!

ಮೂರನೆಯ ಸಲ ಸದ್ದಾದಾಗ ಅವಳು ಕಾಯಲಿಲ್ಲ. ಧಡಾರನೆ ಬಾಗಿಲು ತೆರೆದಳು.

ಎದುರಿಗೆ ಸ್ತ್ರಾತಿಸನ ಹೆಂಡತಿ ಅಮೆರ್ಸಾ. ಬರಿಗಾಲು. ಎರಡೂ ಕೈಯಲ್ಲಿ ಒಂದೊಂದು ಚಪ್ಪಲಿ.

“ಏನೇ ಇದು? ಕಳ್ಳತನಕ್ಕೆ ಹೊರಟಿದ್ದೀಯಾ?” ಎಂದಳು ಥೆಕ್ಲಾ.

“ಅಯ್ಯೋ ನನ್ನಮ್ಮಾ, ಹೆದರಿಸಿಬಿಟ್ಯಲ್ಲೇ!” ಅಮೆರ್ಸಾ ಚಪ್ಪಲಿಯನ್ನು ಎದೆಗೊತ್ತಿಕೊಂಡಳು. “ನಿನಗೆ ತೊಂದ್ರೆ ಆಗ್ಬಾರ್ದು ಅಂತ ಕಣೇ. ಹಬ್ಬದ ದಿನ ದುಃಖದಲ್ಲಿ ಕೂತಿರ್ತೀಯ, ನಮ್ಮ ಚಪ್ಪಲಿ ಪಟಪಟ ಯಾಕೆ ಅಂತ. ಟೀವಿ ಹಾಕ್ಬೇಡ ಅಂತ ಇವ್ರಿಗೂ ಹೇಳಿದ್ದೀನಿ. ಪಾಪ, ಸಂಜೆಯಿಂದ ಬಾಯಿಗೆ ಬಟ್ಟೆ ತುರುಕಿದ ಹಾಗೆ...” ಎನ್ನುತ್ತಿದ್ದವಳ ಕಣ್ಣು ಆಗ ನೀಲಿ ಬಟ್ಟೆಯ ಮೇಲೆ ಬಿತ್ತು. “ಇದೇನೇ! ಕಪ್ಪು ತೆಗೆದ್ಯಾ?”

“ಕಣ್ಣಿಗೆ ಕಾಣ್ತಿಲ್ವಾ?”

“ಬೆಳಿಗ್ಗೆ ಕಪ್ಪೇ ಉಟ್ಟಿದ್ಯಲ್ಲೇ! ಇವ್ರು ಬಂದು ಹೇಳಿದ್ರಲ್ಲ, ಇನ್ನೂ ಕಪ್ಪಲ್ಲೇ ಇದಾಳೆ ಕಣೇ, ಹೋಗೋದು ಬೇಡ, ಮನಸ್ಸಿಗೆ ನೋವಾಗುತ್ತೆ ಅಂತ. ಕ್ಷೌರ ಬೇರೆ ಮಾಡಿಸ್ಕೊಂಡು ಬಂದಿದ್ರು ನಿನ್ನ ಮನೆಗೆ ಅಂತ!”

“ಪೇಪರಲ್ಲಿ ಹಾಕ್ಸಿರ್ಲಿಲ್ವಲ್ಲ ನಾನು!”

“ಪೇಪರ್ ಯಾರು ನೋಡ್ತಾರೆ ತಾಯಿ, ಮೈಮೇಲಿರೋದನ್ನ ನೋಡ್ತಾರೆ. ಒಂದು ಮಾತು ಹೇಳ್ಬಾರ್ದಾಗಿತ್ತಾ?”

“ಏನಂತ ಹೇಳ್ಲಿ? ಬನ್ನಿ ಅಂತ ಬಾಗಿಲು ಬಾಗಿಲಿಗೆ ಹೋಗಿ ಕರೀಲಾ? ನಿಮ್ಮಪ್ಪನ ಮನೇಲಿ ಯಾರಾದ್ರೂ ಕರೆದಿದ್ರಾ?”

ಅಮೆರ್ಸಾ ಕೆಟ್ಟವಳಲ್ಲ. ಬಾಯಿಗೂ ಮನಸ್ಸಿಗೂ ನಡುವೆ ಬಾಗಿಲಿಲ್ಲದ ಹೆಂಗಸು, ಅಷ್ಟೇ. “ನಿಜ ಹೇಳ್ಲಾ ಥೆಕ್ಲಾ? ನೀನಿನ್ನು ಕಪ್ಪು ತೆಗೆಯೋದೇ ಇಲ್ಲ ಅಂತ ನಾವೆಲ್ಲ ತೀರ್ಮಾನ ಮಾಡ್ಬಿಟ್ಟಿದ್ವಿ. ಗಂಡನಾ, ಮಕ್ಕಳಾ, ಯಾರಿಗೋಸ್ಕರ ತೆಗೀತೀಯ ಅಂತ,” ಎಂದಳು. ಅಂದ ಮೇಲೆ ತನಗೇ ಇರಿದಂತಾಗಿ, “ಈಗ್ಲೇ ಬರ್ತಿದ್ದೆ ಕಣೇ, ಆದ್ರೆ ಈ ಮನೆಬಟ್ಟೇಲಿ, ಬರಿಗೈಲಿ... ನಾಳೆ ಬರ್ತೀವಿ. ಇಬ್ರೂ ಬರ್ತೀವಿ, ದೇವರಾಣೆ,” ಎಂದು ಕಣ್ಣು ತಗ್ಗಿಸಿದಳು.

“ನಾಳೆ ಬೇರೆ ಯಾರದೋ ದಿನ,” ಎಂದು ಥೆಕ್ಲಾ ಬಾಗಿಲು ಹಾಕಿಕೊಂಡಳು.

ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಅತ್ತಳು. ತಾಯಿ ಸತ್ತಾಗಲೂ ಹೀಗೆ ಅತ್ತಿರಲಿಲ್ಲ. ಅವರು ಮರೆತಿದ್ದರೆ ಎಷ್ಟೋ ವಾಸಿಯಾಗಿತ್ತು. ಮರೆತಿಲ್ಲ, ಎಲ್ಲರೂ ಸೇರಿ ಯೋಚನೆ ಮಾಡಿ, ಪ್ರೀತಿಯಿಂದಲೇ, ಅವಳನ್ನು ತಾಯಿಯ ಜೊತೆ ಕಳಿಸಿಕೊಟ್ಟುಬಿಟ್ಟಿದ್ದಾರೆ. ಅತ್ತು ಗಂಟಲು ಕಟ್ಟಿತು. ಅತ್ತು ಮುಗಿದ ಮೇಲೆ ಕೋಪ ಬಂತು. ಗೋಡೆಯುದ್ದಕ್ಕೂ ಕೂತಿದ್ದ ಖಾಲಿ ಕುರ್ಚಿಗಳನ್ನು ನೋಡಿ ಇನ್ನೂ ಹೆಚ್ಚಾಯಿತು. ಬರುವುದಿಲ್ಲವೋ? ಬೇಡ. ನಾನೇ ಬರುತ್ತೇನೆ. ಕುರಾಬಿಯೆಯ ತಟ್ಟೆ ಎತ್ತಿಕೊಂಡು, ಬಾಗಿಲು ತೆರೆದು, ದಡದಡನೆ ಮೆಟ್ಟಿಲಿಳಿದಳು. ಹೆಸರಿನ ದಿನ ಹಬ್ಬದವಳೇ ತಟ್ಟೆ ಹಿಡಿದು ಬೇರೆಯವರ ಬಾಗಿಲಿಗೆ ಹೋಗುವುದನ್ನು ಆ ಊರಲ್ಲಿ ಯಾರೂ ಕಂಡಿಲ್ಲ, ಕೇಳಿಲ್ಲ. ಅದು ಅವಳಿಗೂ ಗೊತ್ತಿತ್ತು, ಕಾಲು ನಿಲ್ಲಲಿಲ್ಲ.

ಕೆಳಮನೆಯ ಬಾಗಿಲನ್ನು ಅನೆಸ್ತಿಸ್ ತಾನೇ ತೆರೆದ. ಹಡಗುಗಳಲ್ಲಿ ಅಡಿಗೆ ಮಾಡಿಕೊಂಡಿದ್ದ ಮುದುಕ. ಈಗ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟು ಬೇರೇನೂ ಕಾಣದು. ಕಾಲೂ ಸೋತಿದೆ. ದೊಮ್ನಾ ಹೋದ ಮೇಲೆ ಥೆಕ್ಲಾ ಅವನನ್ನು ಮಾತನಾಡಿಸಿದ್ದೇ ಇಲ್ಲ.

“ಯಾರು?”

“ತಗೊಳ್ಳಿ,” ಎಂದಳು. ಅತ್ತ ಗಂಟಲಿನಿಂದ ಬಂದ ಸ್ವರ ಅವಳದೆಂದು ಅವಳಿಗೇ ಅನಿಸಲಿಲ್ಲ. “ಥೆಕ್ಲಾ ಹೆಸರಲ್ಲಿ.”

ಮುದುಕ ತಡವರಿಸಿ ಕೈ ಚಾಚಿದ. ತಟ್ಟೆ ಸಿಕ್ಕಿತು. ಬೆರಳಿಗೆ ಸಕ್ಕರೆ ಪುಡಿ ಹತ್ತಿತು. ಬಾಗಿಲಿಗೆ ತಂದು ಹಂಚುವ ಸಕ್ಕರೆ ಪುಡಿಯ ಸಿಹಿ ಅಲ್ಲಿ ಒಂದೇ, ಸತ್ತವರ ಹೆಸರಲ್ಲಿ ಕೊಡುವ ಬೇಯಿಸಿದ ಗೋಧಿ. ಅವನು ಟೋಪಿ ತೆಗೆದ.

“ದೇವರು ಅವಳ ಪಾಪ ಕ್ಷಮಿಸ್ಲಿ. ಮಣ್ಣು ಹಗುರಾಗಿರ್ಲಿ,” ಎಂದ. ತಲೆಯಾಡಿಸಿದ. “ಒಳ್ಳೇ ಹುಡುಗಿ ಕಣಮ್ಮಾ. ಬಂದರಲ್ಲಿ ಕೂತಿರ್ತಿದ್ಲಲ್ಲ ಪಾಪ, ಬಂದೋರಿಗೆಲ್ಲ ದಾರಿ ಹೇಳ್ಕೊಂಡು. ಯಾವಾಗ ಹೋದ್ಲು? ಅದಕ್ಕೇ ಅನ್ಸುತ್ತೆ ಅಮೆರ್ಸಾ ಬಂದು ರೇಡಿಯೋ ಹಾಕ್ಬೇಡ ತಾತ ಅಂದಿದ್ದು. ಯಾರು ಸತ್ರು ಅಂತ ನನಗೆ ಹೇಳ್ಲೇ ಇಲ್ಲ ನೋಡು.”

ಥೆಕ್ಲಾ ತನ್ನ ಸಾವಿನ ಸುದ್ದಿಯನ್ನು ತಾನೇ ಕೇಳುತ್ತ ನಿಂತಿದ್ದಳು. ಅವಳ ಬಗ್ಗೆ ಇಷ್ಟು ಮಾತನ್ನು ಯಾರಾದರೂ ಆಡಿ ಬಹಳ ಕಾಲವಾಗಿತ್ತು.

“ಬಾರ್ಬಾ ಅನೆಸ್ತಿಸ್,” ಎಂದಳು, ಆ ಊರಲ್ಲಿ ಹಿರಿಯರನ್ನು ಕರೆಯುವ ಹಾಗೆ. “ನಾನೇ ಥೆಕ್ಲಾ. ಸತ್ತಿಲ್ಲ. ಇವತ್ತು ನನ್ನ ಹೆಸರಿನ ದಿನ.”

ಮುದುಕ ತಟ್ಟೆಯಿಂದ ಒಂದನ್ನೆತ್ತಿ ಮೂಸಿದ, ಕಚ್ಚಿದ. “ಥೂ, ಕುರಾಬಿಯೆ! ನಾನೊಬ್ಬ ಕುರುಡ ಕತ್ತೆ,” ಎಂದ. ಮರುಕ್ಷಣವೇ ಅವಳ ಮೇಲೆ ಹರಿಹಾಯ್ದ. “ನಿನಗಾದ್ರೂ ಬುದ್ಧಿ ಬೇಡ್ವಾ? ಹಬ್ಬದವಳು ತಟ್ಟೆ ಹಿಡ್ಕೊಂಡು ಬೀದಿ ಸುತ್ತೋದಾ? ದೊಮ್ನಾ ಇದ್ದಿದ್ರೆ ಇದೇ ತಟ್ಟೇಲಿ ತಲೆಮೇಲೆ ಬಾರಿಸ್ತಿದ್ಲು!”

“ಯಾರೂ ಬರ್ಲಿಲ್ಲ ಬಾರ್ಬಾ,” ಎಂದಳು ಥೆಕ್ಲಾ. ಹೇಳಿಬಿಟ್ಟಿದ್ದಳು. ಹೇಳಿದ ಮೇಲೆ ನಾಚಿಕೆಗಿಂತ ಹೆಚ್ಚಾಗಿ ಸುಸ್ತು ಅನಿಸಿತು. “ಕಾದೆ, ಕಾದೆ. ಒಬ್ರೂ ಬರ್ಲಿಲ್ಲ. ನಾನು ದುಃಖದಲ್ಲಿದ್ದೀನಿ ಅಂತ ಅಮೆರ್ಸಾ ಚಪ್ಪಲಿ ಕೈಲಿ ಹಿಡ್ಕೊಂಡು ಓಡಾಡ್ತಿದ್ಲು.”

“ನಾನೂ ಬೆಳಗಿಂದ ರೇಡಿಯೋ ಇಲ್ದೆ ಗೋಡೆಗೆ ಮುಖ ಹಾಕ್ಕೊಂಡು ಕೂತಿದ್ದೀನಿ, ನಿನ್ನ ದುಃಖಕ್ಕೆ ಅಂತ. ಒಳ್ಳೇ ಜೋಡಿ ನಾವಿಬ್ರೂ!” ಬಾಗಿಲ ಹಿಂದಿನ ಮೊಳೆಯಿಂದ ಕೋಟು ತೆಗೆದು ತೋಳು ಹುಡುಕತೊಡಗಿದ. “ಹೋಗು ಮೇಲೆ.”

“ಇಲ್ಲೇ ತಿನ್ನಿ ಬಾರ್ಬಾ. ನಿಮಗೆ ಮೆಟ್ಟಿಲು ಆಗಲ್ಲ.”

“ಅದು ನನ್ನ ಕಾಲಿನ ವಿಷಯ, ನಿನಗ್ಯಾಕೆ? ಹೋಗಿ ಬಾಗಿಲು ಹಾಕ್ಕೋ. ಬೆಲ್ಲು ಹೊಡೆಯೋವರೆಗೂ ತೆಗೀಬೇಡ, ಗೊತ್ತಾಯ್ತಾ? ಎಲ್ಲ ಸರಿಯಾಗಿ ಆಗ್ಬೇಕು.” ಕಿಟಕಿಯ ಕಡೆ ತಿರುಗಿ ತಡಕಾಡಿ, ಕಾಮಕಸ್ತೂರಿಯ ಸಣ್ಣ ಕುಂಡವನ್ನು ಕಂಕುಳಿಗೆ ಸಿಕ್ಕಿಸಿಕೊಂಡ. “ಬರಿಗೈಲಿ ಬರೋನಲ್ಲ ನಾನು. ನಿಂತೇ ಇದ್ದೀಯಲ್ಲ, ಹೋಗು ಅಂದ್ನಲ್ಲ!”

ಅವಳು ಹೋದಳು. ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಬಾಗಿಲು ಹಾಕಿ ಅದರ ಹಿಂದೆ ನಿಂತಳು.

ಕೆಳಗಿನಿಂದ ಸದ್ದು ಶುರುವಾಯಿತು. ಒಂದು ಹೆಜ್ಜೆ, ಒಂದು ಬೈಗುಳ. ಮತ್ತೊಂದು ಹೆಜ್ಜೆ, ಮತ್ತೊಂದು ಬೈಗುಳ. ನಡುವೆ ನಿಂತು ಏದುಸಿರು ಬಿಟ್ಟ. ಎಲ್ಲಿ ಬೀಳುತ್ತಾನೋ ಎಂದು ಅವಳ ಜೀವ ಬಾಯಿಗೆ ಬಂದಿತ್ತು. ಹೋಗಿ ಕೈ ಹಿಡಿಯಬೇಕೆನಿಸಿತು, ಹೋಗಲಿಲ್ಲ. “ಅಮೆರ್ಸಾ!” ಎಂದು ಅವನು ಮೆಟ್ಟಿಲ ನಡುವಿನಿಂದ ಕಟ್ಟಡವೆಲ್ಲ ಕೇಳುವಂತೆ ಅರಚಿದ. “ಆ ಚಪ್ಪಲಿ ಕಾಲಿಗೆ ಹಾಕ್ಕೊಂಡು ಬಾರೇ! ಗಂಡನ್ನೂ ಎಳ್ಕೊಂಡು ಬಾ!” ಮೇಲಿನಿಂದ ಉತ್ತರ ಬರಲಿಲ್ಲ. ಬಂದಾರೋ ಇಲ್ಲವೋ, ಥೆಕ್ಲಾಳಿಗೆ ಈಗ ಅದರ ಪರಿವೆ ಇರಲಿಲ್ಲ.

ಹೆಜ್ಜೆ ಅವಳ ಬಾಗಿಲ ಮುಂದೆ ಬಂದು ನಿಂತಿತು. ಕುಂಡ ನೆಲಕ್ಕೆ ತಾಗಿದ ಸದ್ದು. ಆಮೇಲೆ ಒಂದು ಅಂಗೈ ಗೋಡೆಯನ್ನು ಸವರುವುದು ಕೇಳಿಸಿತು. ಕರೆಗಂಟೆಯನ್ನು ಹುಡುಕುತ್ತಿದ್ದಾನೆ. ಎಡಗಡೆಯೆಲ್ಲ ತಡವಿದ, ಅದಿರುವುದು ಬಲಗಡೆ, ಭುಜದ ಎತ್ತರದಲ್ಲಿ. ಬಲಗಡೆಗೆ ಬನ್ನಿ, ಸ್ವಲ್ಪ ಮೇಲೆ ಎನ್ನುವ ಮಾತು ಥೆಕ್ಲಾಳ ನಾಲಿಗೆಯ ತುದಿಗೆ ಬಂದಿತ್ತು. ದಿನವೆಲ್ಲ ಆಡುವ ಮಾತೇ ಅದು. ಅವಳು ತುಟಿ ಕಚ್ಚಿ ಹಿಡಿದಳು. ಈ ಮನುಷ್ಯನಿಗೆ ದಾರಿ ಹೇಳಬಾರದು. ಇವನೊಬ್ಬನಾದರೂ ತಾನಾಗಿ ಬರಲಿ.

ಅಂಗೈ ಬಾಗಿಲ ಮರದ ಮೇಲೆ ಹಾದು, ಚೌಕಟ್ಟು ದಾಟಿ, ಬಲಗಡೆಗೆ ಬಂತು.

ಗಂಟೆ ಹೊಡೆಯಿತು.

“ಯಾರು?” ಎಂದಳು, ಕಣ್ಣೊರೆಸಿಕೊಳ್ಳುತ್ತ.

“ಥೆಕ್ಲಾ ಇದಾಳೇನಮ್ಮಾ?” ಎಂದು ಮುದುಕ ಹೊರಗಿನಿಂದ ಕೇಳಿದ.

“ಇದಾಳೆ,” ಎಂದು ಅವಳು ಬಾಗಿಲು ತೆರೆದಳು.